ತುಂಬಿದ ಕಪಾಟಿನಲ್ಲಿ ಸಿಗದ ಕೌದಿ

ಬೇಸಿಗೆಯ ಮಧ್ಯಾಹ್ನ ವಿನೋಬನಗರದ ಓಣಿ ಕಣ್ಣು ಮುಚ್ಚಿ ಮಲಗಿಬಿಡುತ್ತದೆ. ಆಟೋಗಳು ಬೇವಿನ ನೆರಳಿಗೆ ಸರಿದಿರುತ್ತವೆ. ಅಂಗಡಿಯವರು ಅರ್ಧ ಬಾಗಿಲೆಳೆದು ತೂಕಡಿಸುತ್ತಾರೆ. ವಾಣಿಯವರ ಮನೆಯಲ್ಲಿ ಮಾತ್ರ ನಿದ್ದೆ ಇಲ್ಲ. ಬಾಣಂತನಕ್ಕೆ ಬಂದಿರುವ ಮಗಳು ನಯನಾಳ ಕೂಸು, ಮಲಗಿಸಿದ ಸ್ವಲ್ಪ ಹೊತ್ತಿಗೇ ಎದ್ದು ಅಳುತ್ತದೆ. ಬೆನ್ನೆಲ್ಲ ಬೆವರು. ಕತ್ತಿನ ಸುತ್ತ ಕೆಂಪು ಬೆವರುಸಾಲೆ.

"ಈ ಹಾಸಿಗಿ ಕಾವಾಗ್ತೈತಮ್ಮ," ಎಂದಳು ನಯನಾ.

ಗೊಂಬೆ ಚಿತ್ರದ, ಮಿರಮಿರ ಮಿಂಚುವ ಹಾಸಿಗೆ ಅದು. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ವಾಣಿಯೇ ತಂದದ್ದು. ಉಚಿತವಾಗಿ ಬಂದದ್ದೂ ಹಾಗೇ ಕಾವಾಗುತ್ತಿತ್ತು.

"ಬಿಡು, ಕೌದಿ ಹೊಲಿಸ್ತೀನಿ," ಎಂದರು ವಾಣಿ. "ಹೆಂಗೂ ಕೂಸಿನ ಕೂಡ ತೊಟ್ಟಿಲು, ಕೌದಿ ಹರಿಹರಕ್ಕೆ ನಾವೇ ಕಳಿಸ್ಬೇಕಲ್ಲ. ನಿಮ್ಮತ್ತಿ ಮುಂದೆ ತವರು ಮನಿ ಹೆಸರು ಉಳೀಬೇಕು."

ಹತ್ತಿರದ ಬಾತಿ ಹಳ್ಳಿಯಿಂದ ಅಂಜಿನವ್ವ ಬಂದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವುದು ಅವಳ ಕಸುಬು. ವಾಣಿ ಹೆಮ್ಮೆಯಿಂದ ಕಪಾಟು ತೆರೆದರು. ಒತ್ತಿ ತುಂಬಿದ್ದ ಸೀರೆಗಳು ತಾವಾಗಿಯೇ ಜಾರಿ ನೆಲದ ಮೇಲೆ ಹರಡಿಕೊಂಡವು. ನವಿಲಿನ ಬಣ್ಣ, ದಾಳಿಂಬೆ ಬಣ್ಣ, ಸಂಜೆ ಮುಗಿಲಿನ ಬಣ್ಣ.

"ಯಾವ್ದು ಬೇಕು ತಗೋ," ಎಂದರು ವಾಣಿ.

ಅಂಜಿನವ್ವ ಒಂದನ್ನು ಬೆರಳ ನಡುವೆ ಉಜ್ಜಿ ಕೆಳಗಿಟ್ಟಳು. ಇನ್ನೊಂದನ್ನು ಉಜ್ಜಿ ಅದನ್ನೂ ಇಟ್ಟಳು.

"ಏನವ್ವ, ಕೌದಿ ಹೊಲಿಯಾಕ್ ಬಂದೀಯೋ, ಹೆಣ್ಣು ನೋಡಾಕ್ ಬಂದೀಯೋ?"

"ಹೆಣ್ಣೇನೋ ಸಿಂಗಾರ ಮಾಡ್ಕಂಡು ಕೂತೈತೆ ವಾಣಮ್ಮ. ಕೆಲ್ಸ ಬರಲ್ಲ." ಅಂಜಿನವ್ವ ಚೊಂಬಿನಲ್ಲಿ ಬೆರಳದ್ದಿ ಸೀರೆಯ ಮೇಲೆ ನೀರು ಹನಿಸಿದಳು. ಹನಿ ಇಂಗಲಿಲ್ಲ. ಮಣಿಯಂತೆ ಉರುಳಿ ನೆಲಕ್ಕೆ ಬಿತ್ತು. "ನೋಡು, ನೀರು ಕುಡಿಯಲ್ಲ ಇದು. ಕೂಸಿನ ಬೆವರು ಎಲ್ಲಿಗೆ ಹೋಗ್ಬೇಕು? ಹಳೇ ಹತ್ತಿ ಸೀರಿ ಇಲ್ಲೇನು?"

"ಹತ್ತೀದು ಯಾರು ತಗೋತಾರೆ? ಅದೊಂದರ ದುಡ್ಡಿಗೆ ಇವು ಮೂರು ಬರ್ತಾವೆ."

"ಬರ್ಲಿ. ಮೂರನ್ನೂ ಉಟ್ಟೀಯೇನು?"

ವಾಣಿ ನೆಲದ ಮೇಲಿನ ಸೀರೆಗಳತ್ತ ನೋಡಿದರು. ಒಂದು, ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತ್ತು. ಇನ್ನೊಂದರ ಎಳೆ ಕಿತ್ತುಬಂದಿತ್ತು. ಮತ್ತೊಂದನ್ನು ಸೆಕೆಗೆ ಉಡಲಾಗದೆ ಒಳಗೇ ಇಟ್ಟಿದ್ದರು. ತಂದ ದಿನ ಮಾತ್ರ ಮೂರೂ ಖುಷಿ ಕೊಟ್ಟಿದ್ದವು. ಆ ಖುಷಿ ಇಳಿದಾಗ ಇನ್ನೊಂದು ತಂದಿದ್ದರು.

"ಹಂಗಾರೆ ಹೊಸ ಹತ್ತಿ ಸೀರಿ ತಂದ್ಕೊಡ್ಲಾ?"

"ಹೊಸಾದು ಒರಟು. ಉಟ್ಟು ಒಗೆದು, ಉಟ್ಟು ಒಗೆದು ಮೆತ್ತಗಾಗ್ಬೇಕು. ಆ ಮೆತ್ತಗೆ ಯಾವ ಅಂಗಡಿಯಾಗೂ ಸಿಗಲ್ಲ ತಾಯಿ."

ನಯನಾ ಮೆಲ್ಲಗೆ ಹೇಳಿದಳು, "ನಮ್ಮತ್ತಿ ಹತ್ರ ಅದಾವಮ್ಮ."

"ಬೀಗ್ರ ಮನಿಗೆ ಹೋಗಿ ಹಳೇ ಸೀರಿ ಬೇಡ್ಲಾ? ಕೊಡೋ ಮನಿಯವರು ನಾವು. ಮರ್ಯಾದಿ ಬ್ಯಾಡ್ವಾ?"

ಒಳಗೆ ಕೂಸು ಮತ್ತೆ ಎದ್ದು ಅಳತೊಡಗಿತು. ವಾಣಿ ಎತ್ತಿಕೊಂಡು ಅತ್ತಿತ್ತ ಓಡಾಡಿದರು. ಅದರ ಬೆನ್ನ ಕಾವು ಅವರ ಅಂಗೈಗೆ ತಾಗುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಅವರು ಹರಿಹರದ ಬಸ್ಸು ಹತ್ತಿದರು.

ಬೀಗಿತ್ತಿ ಬಸವಣ್ಣೆಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಹೊಳೆಯ ಕಡೆಯಿಂದ ಗಾಳಿ ತೇಲಿ ಬರುತ್ತಿತ್ತು. ಮೆಟ್ಟಿಲು ಹತ್ತಿದ ವಾಣಿಯ ಮುಖವನ್ನು ಒಂದು ಸೀರೆ ಬಂದು ಸವರಿತು. ಬಣ್ಣ ಮಾಸಿ ಬೆಳದಿಂಗಳ ಹಾಗಾಗಿತ್ತು ಅದು. ಬಿಸಿಲಿನ, ಸೋಪಿನ ವಾಸನೆ. ವಾಣಿ ಕಣ್ಣು ಮುಚ್ಚಿ ಹಾಗೇ ನಿಂತರು. ಎಲ್ಲಿದ್ದೇನೆ, ಏನು ಕೇಳಲು ಬಂದೆ ಎಂಬುದೆಲ್ಲ ಮರೆತು, ಯಾರದೋ ಮಡಿಲಲ್ಲಿ ಮಲಗಿದ್ದೇನೆ ಅನ್ನಿಸಿತು.

"ಬರ್ರಿ ಬೀಗ್ರೆ, ನೆಳ್ಳಿಗೆ ಕೂಡ್ರಿ. ಕೂಸು ಹೆಂಗೈತೆ?"

ಸುತ್ತಿಬಳಸುವುದು ವಾಣಿಗೆ ಆಗಲಿಲ್ಲ. "ಮಲಗವಲ್ದು ಬೀಗ್ರೆ. ಕೌದಿಗೆ ನನ್ನ ಮನಿಯಾಗೆ ಒಂದೂ ಸೀರಿ ಇಲ್ಲ. ಕಪಾಟು ಮುಚ್ಚಾಕಾಗಲ್ಲ, ಅಷ್ಟು ಅದಾವೆ. ಆದ್ರೂ ಇಲ್ಲ."

ಬಸವಣ್ಣೆಮ್ಮ ನಗಲಿಲ್ಲ. ಕೆಳಗೆ ಕರೆದುಕೊಂಡು ಹೋಗಿ ಟ್ರಂಕು ತೆರೆದರು. ಒಳಗೆ ಮಡಚಿಟ್ಟ ಕೆಲವೇ ಹತ್ತಿ ಸೀರೆಗಳು.

"ನಿಮ್ಮವು ಇಷ್ಟೇನಾ?" ಎಂದರು ವಾಣಿ.

"ಉಡಾಕೆ ಒಂದೇ ಮೈ ಅಲ್ಲೇನ್ರಿ."

"ಉಟ್ಟಿದ್ದೇ ಉಟ್ರೆ ಜನ ಆಡ್ಕಳ್ಳಲ್ವಾ?"

"ಜನಕ್ಕೆ ಅವರವರ ಸೀರಿ ಚಿಂತೀನೇ ಸಾಕಾಗೈತೆ."

"ನನಗೆ ರಿಯಾಯ್ತಿ ಬೋರ್ಡ್ ಕಂಡ್ರೆ ಕಾಲು ನಿಂತುಬಿಡ್ತಾವ್ರಿ."

"ನನ್ನವೂ ನಿಲ್ತಾವೆ," ಬಸವಣ್ಣೆಮ್ಮ ಒಪ್ಪಿಕೊಂಡರು. "ಒಂದೇ ಕೇಳ್ಕಂತೀನಿ. ರಿಯಾಯ್ತಿ ಇಲ್ದಿದ್ರೂ ಇದು ನನಗೆ ಬೇಕಿತ್ತಾ? ಬೇಕಿತ್ತು ಅಂದ್ರೆ ಮುಷ್ಟಿಯಾಗೆ ಹಿಂಡ್ತೀನಿ. ಒದ್ದೆ ಬೆರಳು ಒತ್ತಿ ನೋಡ್ತೀನಿ. ಬಿಳೀ ಕರ್ಚೀಫಿಗೆ ಉಜ್ಜಿ ಬಣ್ಣ ಹತ್ತುತ್ತೇನೋ ನೋಡ್ತೀನಿ. ಅಂಗಡಿಯವ ಒಳಗೊಳಗೇ ಬೈಕಂತಾನೆ. ಬೈಕಳ್ಳಿ."

"ಜಾಸ್ತಿ ಬೆಲೀದು ತಗೊಂಡ್ರೆ ಆತಲ್ಲ?"

"ಅದ್ರಾಗೂ ಮೋಸ ಐತೆ. ಬೆಲಿ ಚೀಟಿ ನೋಡಿ ನಂಬಬಾರದು, ಬಟ್ಟಿ ನೋಡ್ಬೇಕು. ಕೈಯಾಗೆ ದುಡ್ಡಿಲ್ಲಾಂದ್ರೆ ಈ ಹಬ್ಬ ಬಿಟ್ಟು ಮುಂದಿನ ಹಬ್ಬಕ್ಕೆ ಒಂದು."

ಮಾತಾಡುತ್ತಲೇ ಅವರು ಮೆತ್ತಗಾದ ಸೀರೆಗಳನ್ನು ಆರಿಸಿ ಗಂಟು ಕಟ್ಟಿದ್ದರು. ವಾಣಿ ಕೈ ಚಾಚಲು ಹಿಂಜರಿದರು.

"ಕೌದಿ ತವರಿಂದ ಬರಬೇಕಿತ್ತು ಬೀಗ್ರೆ. ಈಗ ಏನಂತ ಹೇಳ್ಳಿ?"

"ಸೀರಿ ನಂದು, ಹೊಲಿಗಿ ನಿಮ್ಮದು. ಕೂಸಿಗೆ ಇಬ್ರು ಅಜ್ಜೀರು ಇಲ್ಲೇನು?"

ಅಂಜಿನವ್ವನ ಹೊಲಿಗೆ ಮುಗಿದು ಕೌದಿ ಸಿದ್ಧವಾದ ದಿನ ಅದರ ಮೇಲೆ ಕೂಸನ್ನು ಮಲಗಿಸಿದರು. ಅದು ಕಾಲು ಆಡಿಸಿತು, ಬಟ್ಟೆಗೆ ಕೆನ್ನೆ ಒತ್ತಿತು, ಹಾಗೇ ನಿದ್ದೆಗೆ ಜಾರಿತು. ಓಣಿಯೂ ಮಲಗಿತ್ತು. ನಯನಾ ಗೋಡೆಗೊರಗಿ ಮಲಗಿದ್ದಳು. ವಾಣಿ ತುಸು ಹೊತ್ತು ಕೂಸಿನ ಉಸಿರು ಕೇಳುತ್ತ ಕೂತು, ಆಮೇಲೆ ತಾವೂ ಕೌದಿಯ ಅಂಚಿಗೆ ತಲೆಯಿಟ್ಟರು.

ಆ ದೀಪಾವಳಿಗೆ ಅವರು ಒಂದೇ ಸೀರೆ ತಂದರು. ಹತ್ತಿಯದು. ಅಂಗಡಿಯವನು ಬೈದುಕೊಂಡನೋ ಇಲ್ಲವೋ ಗೊತ್ತಿಲ್ಲ. ಕರ್ಚೀಫಿಗೆ ಮಾತ್ರ ಬಣ್ಣ ಹತ್ತಲಿಲ್ಲ.

ಅಕ್ಕಂದಿರೇ, ತಂಗಿಯರೇ, ಅಗ್ಗದ್ದಕ್ಕೆ ಕೈ ಹೋಗುವುದು ಪಾಪವಲ್ಲ. ಇರುವ ಹಣದಲ್ಲೇ ಮನೆ ತೂಗಿಸುವವರು ನಾವು. ಎಷ್ಟೋ ಸಲ ಬೇರೆ ದಾರಿಯೂ ಇರುವುದಿಲ್ಲ. ಆದರೆ ದಾರಿ ಇದ್ದಾಗಲೂ ನಾವು ಬೆಲೆ ಕೇಳುತ್ತೇವೆ, ಬಾಳಿಕೆ ಕೇಳುವುದಿಲ್ಲ. ಸೀರೆಯಾಗಲಿ, ಚಪ್ಪಲಿಯಾಗಲಿ, ಕುಕ್ಕರ್ ಆಗಲಿ, ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ. ಕೆಟ್ಟರೆ ರಿಪೇರಿ ಆಗುತ್ತದೆಯೇ ಎಂದು ಕೇಳಿ. ಬಿಲ್ಲು ಪಡೆಯಿರಿ. ಮೂರು ಬೇಡ, ಒಂದು ಸಾಕು. ನಿಮ್ಮ ಜೊತೆಯಲ್ಲೇ ಹಳೆಯದಾಗಬಲ್ಲ ವಸ್ತುವನ್ನು ಕೊಳ್ಳಿ.