ಎಡಗೈಯ ಹಿಡಿ

ಅರಸೀಕೆರೆಯ ಕೊಬ್ಬರಿ ವರ್ತಕ ಮರುಳಪ್ಪನವರಿಗೆ ಹಳೆಯ ರಿವಾಲ್ವರ್‌ಗಳೆಂದರೆ ಪ್ರಾಣ. ಹಾರಿಸುವ ಆಸೆಯೇನೂ ಅವರಿಗಿರಲಿಲ್ಲ. ಮನೆಯಲ್ಲಿ ಒಂದು ಗುಂಡನ್ನೂ ಇಟ್ಟಿರಲಿಲ್ಲ. ಎಂದೋ ಯಾರೋ ಕೂತು ಅರದಿಂದ ಉಜ್ಜಿ ಕೂಡಿಸಿದ ಯಂತ್ರ ಇವತ್ತಿಗೂ 'ಟಕ್' ಎಂದು ತನ್ನ ಜಾಗದಲ್ಲಿ ಕೂತುಕೊಳ್ಳುತ್ತದಲ್ಲ, ಆ ಸದ್ದಿಗೆ ಅವರ ಮುಖ ಅರಳುತ್ತಿತ್ತು. ಕಾನೂನು ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಅವರಲ್ಲಿ ಎರಡಿದ್ದವು: ನಡುವೆ ಮಡಚಿ ತೆರೆಯುವ ಇಂಗ್ಲೆಂಡಿನದೊಂದು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟದೊಂದು.

ಭಾನುವಾರ ಲಿಂಗಪೂಜೆ ಮುಗಿಸಿ, ಹಜಾರದಲ್ಲಿ ಹಳೆಯ ಪಂಚೆ ಹಾಸಿ ಕೂರುತ್ತಿದ್ದರು. ನಳಿಗೆಯೊಳಗೆ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ಒರೆಸುವುದು, ಕೀಲುಗಳಿಗೆ ಎಣ್ಣೆ ಬಿಡುವುದು, ಗುಂಡು ತುಂಬುವ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುವುದು. ಹೆಂಡತಿ ಕಾಂತಮ್ಮ ಅತ್ತ ಸುಳಿಯುತ್ತಿರಲಿಲ್ಲ.

"ಮನೆ ತುಂಬ ಕೊಬ್ಬರಿ ಐತೆ. ಇವರು ನೋಡಿದ್ರೆ ಬೆಂಗಳೂರಿಂದ ಎಣ್ಣೆ ತರಿಸ್ತಾರೆ," ಎಂದು ಒಳಗಿನಿಂದಲೇ ಗೊಣಗುತ್ತಿದ್ದರು.

"ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಯ್ತದೆ ಕಣೇ. ಒಳಗೆಲ್ಲ ಅಂಟ್ಕಂತದೆ."

"ಅಂಟ್ಕಳ್ಲಿ ಬಿಡಿ. ಆ ದರಿದ್ರ ವಾಸನೆಯಾದ್ರೂ ತಪ್ತದೆ."

ಮೂರನೆಯದು ಬಂದದ್ದು ಬೇಲೂರಿನಿಂದ, ೧೯೯೪ರಲ್ಲಿ. ಅಲ್ಲಿ ಅರಣ್ಯ ಇಲಾಖೆಯ ನಿವೃತ್ತ ರೇಂಜರ್ ಒಬ್ಬರು ತೀರಿಕೊಂಡಿದ್ದರು. ಅದರ ಪರವಾನಗಿ ಅವರ ಹೆಸರಿನಲ್ಲಿತ್ತು. ಪತ್ನಿ ವೆಂಕಟಲಕ್ಷ್ಮಮ್ಮ ಅದನ್ನು ಮನೆಯಲ್ಲಿಟ್ಟುಕೊಳ್ಳುವಂತಿರಲಿಲ್ಲ. ರಿವಾಲ್ವರ್ ಪೊಲೀಸ್ ಠಾಣೆ ಸೇರಿತ್ತು. ಮರುಳಪ್ಪ ಅನುಮತಿ ಪಡೆದು ಕೊಳ್ಳಲು ಹೋದಾಗ ಆಕೆಯೂ ಸಹಿ ಹಾಕಲು ಬಂದು ಠಾಣೆಯ ಬೆಂಚಿನ ಮೇಲೆ ಕೂತಿದ್ದರು. ಸಣ್ಣ ಮೈಕಟ್ಟು, ಬಿಳಿ ಸೆರಗನ್ನು ಹೆಗಲ ಸುತ್ತ ಬಿಗಿಯಾಗಿ ಹೊದ್ದಿದ್ದರು.

ರಿವಾಲ್ವರಿನ ಮೇಲೆ ತುಕ್ಕು ಕೂತಿತ್ತು. ಮರುಳಪ್ಪ ಅದನ್ನು ತಿರುಗಿಸಿ ಮರದ ಹಿಡಿಯನ್ನು ನೋಡಿದರು. ಒಂದು ಮಗ್ಗುಲಲ್ಲಿ ಹೆಬ್ಬೆರಳು ಒತ್ತಿ ಒತ್ತಿ ಮರ ಸವೆದು ಗುಳಿ ಬಿದ್ದಿತ್ತು. ಆದರೆ ಗುಳಿ ಇರಬೇಕಾದ ಕಡೆ ಇರಲಿಲ್ಲ.

"ಅಮ್ಮಾ, ಯಜಮಾನ್ರು ಇದನ್ನ ಎಡಗೈಲಿ ಹಿಡೀತಿದ್ರಾ?"

ಅಲ್ಲಿಯವರೆಗೆ ಗೋಡೆ ನೋಡುತ್ತಿದ್ದ ವೆಂಕಟಲಕ್ಷ್ಮಮ್ಮ ಚಕ್ಕನೆ ತಿರುಗಿದರು. "ಊಟ ಒಂದು ಬಿಟ್ಟು ಎಲ್ಲಾ ಎಡಗೈಲೇ. ನಮ್ಮ ಅತ್ತೆ ಎಷ್ಟು ಬೈದರೂ ಬಿಡ್ಲಿಲ್ಲ. ನಿಮಗೆ ಯಾರು ಹೇಳಿದ್ರು?"

ಮರುಳಪ್ಪ ಗುಳಿಯನ್ನು ತೋರಿಸಿದರು. ಆಕೆ ಅದರ ಮೇಲೆ ಬೆರಳಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟರು. ಗಂಡ ಸತ್ತಾಗ ಸುತ್ತ ಜನವಿದ್ದಾಗಲೂ ಬಾರದ ಅಳು ಅದು ಎಂದು ಮುಂದೆ ಕಾಂತಮ್ಮನ ಹತ್ತಿರ ಹೇಳಿಕೊಂಡಿದ್ದುಂಟು.

"ನೋಡಬೇಕು ಅನ್ಸಿದಾಗ ಬನ್ನಿ ಅಮ್ಮಾ," ಎಂದರು ಮರುಳಪ್ಪ. "ನಿಮ್ದೇ ಮನೆ ಅನ್ಕಳಿ."

ಆಕೆ ನಿಜಕ್ಕೂ ಬಂದರು. ಆ ವರ್ಷದ ಆಯುಧಪೂಜೆಯ ದಿನ, ಎಲೆಯಲ್ಲಿ ಸುತ್ತಿದ ಸೇವಂತಿಗೆ ಹಿಡಿದು ಬಸ್ಸಿಳಿದರು. ಕಾಂತಮ್ಮನಿಗೆ ಮೊದಲು ಸಿಡಿಮಿಡಿ. "ಹಬ್ಬದ ದಿನ ಯಾರೋ ಕೋವಿ ನೋಡಕ್ಕೆ ಬಂದವ್ರೆ!" ಎಂದು ಕಾಫಿ ಹಿಡಿದು ಹಜಾರಕ್ಕೆ ಬಂದರೆ, ಆ ಮುದುಕಿ ರಿವಾಲ್ವರನ್ನು ಮಡಿಲಲ್ಲಿಟ್ಟುಕೊಂಡು, ತನ್ನ ಹೆಬ್ಬೆರಳನ್ನು ಗುಳಿಯಲ್ಲಿ ಇಟ್ಟು ಕಣ್ಣು ಮುಚ್ಚಿದ್ದರು. ಕಾಂತಮ್ಮ ಸದ್ದಾಗದಂತೆ ಹಿಂದಕ್ಕೆ ಹೋದರು. ಕಾಫಿ ಆರಿದ ಮೇಲೆ ಬೇರೆ ಮಾಡಿ ತಂದರು.

ಮೊದಲ ಸಲ ವೆಂಕಟಲಕ್ಷ್ಮಮ್ಮ ಕಾಫಿ ಕುಡಿದು ಬಾಳೆಹಣ್ಣು ತಿಂದರು, ಅಷ್ಟೇ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಕಾಂತಮ್ಮನ ಅಡುಗೆಮನೆಯಲ್ಲಿ ಕೂತು ಒಬ್ಬಟ್ಟು ತಟ್ಟುವಂತಾದರು. ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಮರುಳಪ್ಪನಿಗೆ ಹೇಳಿದ್ದುಂಟು: ಆ ಸವೆದ ಹಿಡಿ ಕಿತ್ತು ಹೊಸದು ಹಾಕಿಸಿ, ರಿವಾಲ್ವರಿನ ಕಳೆಯೇ ಬದಲಾಗುತ್ತದೆ ಎಂದು. ಮರುಳಪ್ಪ ನಕ್ಕುಬಿಟ್ಟಿದ್ದರು. ತುಕ್ಕನ್ನೆಲ್ಲ ತಾಳ್ಮೆಯಿಂದ ತೆಗೆದರೂ ಆ ಮರಕ್ಕೆ ಉಜ್ಜುವ ಉಪ್ಪುಕಾಗದ ಮುಟ್ಟಿಸಲಿಲ್ಲ.

೨೦೦೧ರ ಹೊತ್ತಿಗೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಲೋಟ ಹಿಡಿದಾಗ, ಆಮೇಲೆ ಸುಮ್ಮನೆ ಕೂತಾಗಲೂ. ನರದ ಕಾಯಿಲೆ, ಹತೋಟಿಯಲ್ಲಿಡಬಹುದು, ಪೂರ್ತಿ ಹೋಗುವುದಿಲ್ಲ ಎಂದರು ಡಾಕ್ಟರು. ಒಂದು ಭಾನುವಾರ ಪುಟ್ಟ ರಿವಾಲ್ವರಿನ ಸ್ಪ್ರಿಂಗ್ ಕೈಜಾರಿ ಎಲ್ಲೋ ಹಾರಿತು. ಮರುಳಪ್ಪ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದಾಗ ಕಾಂತಮ್ಮ ಬಂದು, ಪಕ್ಕದಲ್ಲಿ ತಾವೂ ಮಂಡಿಯೂರಿದರು. ಸಿಕ್ಕಿತು.

"ಸಾಕು ಕಣೇ," ಎಂದರು ಮರುಳಪ್ಪ. "ನಡುಗೋ ಕೈಯಲ್ಲಿ ಇವು ಇರಬಾರ್ದು. ಲೈಸೆನ್ಸ್ ವಾಪಸ್ ಕೊಡ್ತೀನಿ."

ಕಾಂತಮ್ಮ ಇಷ್ಟು ವರ್ಷ ಬಯಸಿದ್ದು ಇದನ್ನೇ. ಆದರೂ ಆಗ ಎದ್ದು ಹೋಗದೆ ಪಂಚೆಯ ಅಂಚಿನಲ್ಲೇ ಕೂತರು.

ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಶರತ್ಚಂದ್ರ ಮೂರನ್ನೂ ಕೊಳ್ಳಲು ಒಪ್ಪಿದರು. ಅವರಿಗೂ ಇದೇ ಹುಚ್ಚು, ಪರವಾನಗಿಯೂ ಇತ್ತು, ಕೈಯಲ್ಲಿ ಮಾತ್ರ ಇನ್ನೂ ಒಂದೂ ಇರಲಿಲ್ಲ. ಬಂದವರು ಒಂದೊಂದನ್ನೂ ಪ್ರೀತಿಯಿಂದ ನೋಡಿ, ಬೇಲೂರಿನದನ್ನು ಎತ್ತಿಕೊಂಡು, "ಇದಕ್ಕೆ ಮಾತ್ರ ಹಿಡಿ ಬದಲಾಯಿಸ್ತೀನಿ ಸಾರ್. ತುಂಬ ಸವೆದಿದೆ," ಎಂದರು.

ಆಯುಧಪೂಜೆಗೆ ಬರುವ ಆ ಹೆಂಗಸಿಗೆ ಏನು ಹೇಳಲಿ ಎಂದು ವಾರದಿಂದ ನಿದ್ದೆಗೆಟ್ಟಿದ್ದ ಮರುಳಪ್ಪ ನೆಟ್ಟಗೆ ಕೂತರು. "ಹಂಗಾದ್ರೆ ಹಳೇ ಹಿಡಿ ನಂಗೇ ಬಿಡ್ತೀರಾ?"

"ಇಟ್ಕೊಳ್ಳಿ. ಅದನ್ನ ಏನ್ ಮಾಡ್ತೀರ?"

ಮರುಳಪ್ಪ ಹೇಳಿದರು. ಶರತ್ಚಂದ್ರ ಹಿಡಿಯ ಗುಳಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಇಬ್ಬರೂ ಠಾಣೆಗೆ ಹೋಗಿ, ಹೀಗೆ ಮಾಡಬಹುದೇ ಎಂದು ಇನ್‌ಸ್ಪೆಕ್ಟರನ್ನೇ ಕೇಳಿದರು.

"ಕೋವಿಗೆ ಲೈಸೆನ್ಸ್ ಬೇಕು ಸ್ವಾಮಿ. ಎರಡು ಮರದ ಚೂರಿಗೆ ನಾನೇನು ಅಡ್ಡಿ ಮಾಡ್ಲಿ? ಕೊಟ್ಬಿಡಿ," ಎಂದರು ಅವರು.

ಮನೆಗೆ ಬಂದು ಮರುಳಪ್ಪ ಸ್ಕ್ರೂಡ್ರೈವರ್ ಹಿಡಿದರು. ತುದಿ ಸ್ಕ್ರೂವಿನ ಸೀಳಿನಲ್ಲಿ ನಿಲ್ಲಲೇ ಇಲ್ಲ. ಮತ್ತೆ ಮತ್ತೆ ಜಾರಿ ಮರಕ್ಕೆ ಗೀರು ಬೀಳುವಂತಾಯಿತು. ಶರತ್ಚಂದ್ರ ಕೈ ಚಾಚುವ ಮೊದಲೇ ಕಾಂತಮ್ಮ ಸೀರೆಗೆ ಕೈ ಒರೆಸಿಕೊಂಡು ಮುಂದೆ ಬಂದರು.

"ಇತ್ತಾಗ್ ಕೊಡ್ರೀ. ಯಾವ ಕಡೀಕೆ ತಿರುಗಿಸ್ಬೇಕು ಅದನ್ನ ಹೇಳಿ."

ಒಮ್ಮೆಯೂ ಮುಟ್ಟದಿದ್ದ ವಸ್ತುವನ್ನು ಅವರು ತೊಡೆಯ ಮೇಲೆ ಭದ್ರವಾಗಿ ಒತ್ತಿಕೊಂಡರು. "ಎಡಕ್ಕೆ... ಮೆಲ್ಲಗೆ... ಆತುರ ಬೇಡ ಕಣೇ," ಎಂದು ಮರುಳಪ್ಪ ಹೇಳುತ್ತಿದ್ದಂತೆ ಸ್ಕ್ರೂ ಸಡಿಲವಾಗಿ, ಮರದ ಎರಡು ಹೋಳುಗಳು ಅವರ ಕೈಗೆ ಬಂದವು.

ಮರುದಿನ ಗಂಡ ಹೆಂಡತಿ ಬೇಲೂರಿಗೆ ಹೋದರು. ದೇವಸ್ಥಾನದ ಹಿಂದಿನ ಬೀದಿಯ ಪುಟ್ಟ ಮನೆ. ವಿಷಯವೆಲ್ಲ ಕೇಳಿ, ವೆಂಕಟಲಕ್ಷ್ಮಮ್ಮ ಅಂಗೈಯಲ್ಲಿದ್ದ ಮರದ ಗುಳಿಯಲ್ಲಿ ಹೆಬ್ಬೆರಳಿಟ್ಟರು. ಈ ಸಲ ಅಳಲಿಲ್ಲ.

"ಇದು ಇಲ್ಲಿಗೇ ಬಂತು," ಎಂದರು, ಸಣ್ಣ ದನಿಯಲ್ಲಿ. "ಇನ್ನು ನಾನು ಅರಸೀಕೆರೆಗೆ ಏನಂತ ಬರಲಿ?"

ಕಾಂತಮ್ಮನಿಗೆ ಸಿಟ್ಟೇ ಬಂತು. "ಚೆನ್ನಾಗೈತೆ ನಿಮ್ಮ ಮಾತು! ಇಷ್ಟು ವರ್ಷ ಬರೀ ಅದನ್ನ ನೋಡಕ್ಕೆ ಬತ್ತಿದ್ರಾ? ನಾನು ಯಾರು ಹಂಗಾದ್ರೆ?"

ವೆಂಕಟಲಕ್ಷ್ಮಮ್ಮ ನಾಚಿಕೆಯಿಂದ ನಕ್ಕು, ಕಾಂತಮ್ಮನ ಕೈ ಹಿಡಿದುಕೊಂಡರು. ಆ ಸಲ ದಸರೆಯವರೆಗೆ ಕಾಯಲೂ ಇಲ್ಲ. ಮುಂದಿನ ತಿಂಗಳೇ ಬಟ್ಟೆಚೀಲ ಹಿಡಿದು ಬಂದು, ಎಂಟು ದಿನ ಇದ್ದು ಹೋದರು. ಮರುಳಪ್ಪನ ಕೈಯಿಂದ ಅನ್ನ ಚೆಲ್ಲುವುದನ್ನು ಕಂಡು, ಅವರ ಪಕ್ಕದಲ್ಲಿ ಒಂದು ಚಮಚ ಇಟ್ಟವರು ಆಕೆಯೇ. ಹೆಂಡತಿ ಹೇಳಿದ್ದರೆ ಜಗಳ ತೆಗೆಯುತ್ತಿದ್ದ ಮರುಳಪ್ಪ ತಲೆ ತಗ್ಗಿಸಿ, ಸುಮ್ಮನೆ ಚಮಚ ತೆಗೆದುಕೊಂಡರು.