ಒಂದೇ ವಾದ್ಯದಿಂದ ಶುರು

ಕೋಕಿಲಾ ನೈರೋಬಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಗಂಡ ನಾರಾಯಣನಿಗೆ ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಾಗ ಮೈಸೂರಿನಿಂದ ಬಂದವಳು ಇಲ್ಲಿಯೇ ನೆಲೆಯಾಗಿದ್ದಳು. ಒಳ್ಳೆಯ ಸಂಗೀತದ ಧ್ವನಿಮುದ್ರಣಗಳನ್ನು ಹುಡುಕಿ ಗೆಳೆಯರಿಗೆ ಕಳಿಸುವುದು ಅವಳ ಹುಚ್ಚು. ಬರೀ ಲಿಂಕ್ ಕಳಿಸಿ ಸುಮ್ಮನಾಗುವವಳಲ್ಲ. "ಈ ಬೇಹಾಗ್ ರಾಗ ಅಡುಗೆ ಮಾಡ್ತಾ ಕೇಳ್ಬೇಡಿ, ಕೂತು ಕೇಳಿ. ತಾನದ ಮಧ್ಯೆ ವೀಣೆ ಒಂದು ಕಡೆ ಸುಮ್ಮನಾಗತ್ತೆ, ಅಲ್ಲಿ ನೀವೂ ಉಸಿರು ಹಿಡೀತೀರ" ಎಂದು ಜೊತೆಗೆ ಬರೆಯುತ್ತಿದ್ದಳು.

ಮಂಗಳೂರಿನ ಸಿಲ್ವಿಯಾಗೆ ವೀಣೆಯ ರುಚಿ ಹತ್ತಿದ್ದು ಹಾಗೆ. ನೈರೋಬಿಯದೇ ರುಂಡಾ ಬಡಾವಣೆಯಲ್ಲಿ ಮನೆಮನೆಗೆ ಹೋಗಿ ಪಿಯಾನೊ ಕಲಿಸುತ್ತಿದ್ದ ಆಕೆ, ತಾಯಿ ತೀರಿಕೊಂಡ ವರ್ಷವಿಡೀ ಕೋಕಿಲಾ ಕಳಿಸಿದ್ದನ್ನೇ ಕೇಳಿಕೊಂಡು ದಿನ ದೂಡಿದ್ದಳು.

ಕಳೆದ ವರ್ಷ ಕೋಕಿಲಾಗೆ ಜ್ವರ ಬಂತು. ಜ್ವರ ಇಳಿಯಿತು; ಕಿವಿ ಮಾತ್ರ ಮೊದಲಿನಂತಾಗಲಿಲ್ಲ. ಅಪ್ಪರ್ ಹಿಲ್‌ನ ಆಸ್ಪತ್ರೆಯಲ್ಲಿ ಎರಡೂ ಕಿವಿಗೆ ಮೆಷಿನ್ ಹಾಕಿಸಿದರು. ಮಾತು ಕೇಳಿಸತೊಡಗಿತು, ತರಗತಿಗೂ ಮರಳಿದಳು. ಆದರೆ ತರಗತಿಗೆ ಮರಳಿದ ದಿನ ಸಂಜೆ ತನಗೆ ಬಲು ಇಷ್ಟದ ಕೊಳಲಿನ ಕಛೇರಿಯೊಂದನ್ನು ಹಾಕಿದರೆ, ಪ್ರತಿ ಸ್ವರವೂ ನೀರಿನೊಳಗೆ ನಡುಗಿದಂತೆ ಕೇಳಿಸಿತು. ಪಿಟೀಲು ಎಲ್ಲಿದೆ, ಮೃದಂಗ ಎಲ್ಲಿದೆ, ಒಂದೂ ತಿಳಿಯಲಿಲ್ಲ.

ಮಗಳು ಸಾನ್ವಿ ಪಕ್ಕದಲ್ಲಿ ಕುಳಿತು, "ಅಮ್ಮ, ಗಿವ್ ಇಟ್ ಟೈಮ್" ಎಂದಳು.

"ಇದು ಸಂಗೀತ ಅಲ್ಲ ಕಣೇ, ಪಾತ್ರೆ ತೊಳೆಯೋ ಸದ್ದು" ಎಂದು ಕೋಕಿಲಾ ಫೋನನ್ನು ಬೋರಲು ಹಾಕಿದಳು. ಆ ವಾರ ಯಾರಿಗೂ ಏನನ್ನೂ ಕಳಿಸಲಿಲ್ಲ. ಆಮೇಲೆ ಗೆಳೆಯರ ವಾಟ್ಸಾಪ್ ಗುಂಪಿನಿಂದಲೇ ಹೊರಬಂದಳು. ತನಗೇ ಕೇಳಿಸದ್ದನ್ನು ಬೇರೆಯವರಿಗೆ ಕೇಳಿ ಎನ್ನುವುದು ಹೇಗೆ?

ಸಿಲ್ವಿಯಾ ಫೋನ್ ಮಾಡಲಿಲ್ಲ, ನೇರ ಮನೆಗೇ ಬಂದಳು. "ಹೊರಡು ಮಾರಾಯ್ತಿ. ನನ್ನ ಮನೆಯಲ್ಲಿ ದೊಡ್ಡ ಸ್ಪೀಕರ್ ಉಂಟು."

"ಏನು ಪ್ರಯೋಜನ ಸಿಲ್ವಿಯಾ?"

"ಪ್ರಯೋಜನ ಆಮೇಲೆ ನೋಡುವ. ಮೊದಲು ಚಾ ಕುಡಿಯುವ."

ಚಹಾ ಆದ ಮೇಲೆ ಸಿಲ್ವಿಯಾ ಒಂದು ಸಿ.ಡಿ. ತೆಗೆದಳು. ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲ್ಲೊ ಒಂದೇ, ಪಕ್ಕವಾದ್ಯವಿಲ್ಲ, ಹಾಡುಗಾರಿಕೆಯಿಲ್ಲ. "ನಿನಗೆ ಹೋದದ್ದು ಮೇಲಿನ ಸ್ವರ. ಇದು ಕೆಳಗಿಂದ ಬರುವ ವಾದ್ಯ. ಒಂದಕ್ಕೇ ಕಿವಿ ಕೊಟ್ಟರೆ ಸಾಕು" ಎಂದು ಗೆಳತಿಯ ಅಂಗೈಯನ್ನು ಸ್ಪೀಕರಿನ ಮೇಲೆ ಇಟ್ಟಳು.

ಎರಡು ನಿಮಿಷ ಕೇಳಿಸಿ ನಿಲ್ಲಿಸಿ, "ಎಂತ ಕೇಳಿತು?" ಎಂದಳು.

"ಯಾರೋ ಮೇಜು ಎಳೀತಿದಾರೆ."

ಇಬ್ಬರೂ ನಕ್ಕುಬಿಟ್ಟರು. ಎಷ್ಟೋ ದಿನಗಳ ಮೇಲೆ ಕೋಕಿಲಾ ಹಾಗೆ ನಕ್ಕಿದ್ದಳು. ಅದೇ ತುಣುಕನ್ನು ಸಿಲ್ವಿಯಾ ಮತ್ತೆ ಹಾಕಿದಳು. ಮುಂದಿನ ವಾರವೂ ಅದನ್ನೇ ಹಾಕಿದಳು. ಆಸ್ಪತ್ರೆಯಲ್ಲಿ ಮೆಷಿನ್ನಿಗೆ ಸಂಗೀತಕ್ಕೆಂದೇ ಬೇರೆ ಸೆಟಿಂಗ್ ಹಾಕಿಕೊಡುತ್ತಾರೆಂದು ವಿಚಾರಿಸಿಕೊಂಡು ಬಂದು, ಅದನ್ನೂ ಮಾಡಿಸಿದಳು. ನಡುಕ ಕಡಿಮೆಯಾಯಿತು.

ಮಳೆ ಶುರುವಾದ ಒಂದು ಮಧ್ಯಾಹ್ನ ಆ ಚೆಲ್ಲೊ ಮೆಟ್ಟಿಲಿಳಿದಂತೆ ಕೆಳಗೆ ಇಳಿಯಿತು, ಕೊನೆಯ ಸ್ವರದ ಮೇಲೆ ನಿಂತಿತು. ಕೋಕಿಲಾ ಸ್ಪೀಕರಿನಿಂದ ಕೈ ತೆಗೆದಳು.

"ಇಳೀತು. ಸಿಲ್ವಿಯಾ, ಅದು ಇಳಿದು ಬಂತು ಕಣೆ! ನನಗೆ ಗೊತ್ತಾಯ್ತು!"

ಸಿಲ್ವಿಯಾ ಅವಳ ಭುಜ ಹಿಡಿದುಕೊಂಡಳು. ಅತ್ತದ್ದು ಇಬ್ಬರೂ.

ಅಲ್ಲಿಂದ ಮುಂದೆ ಮಂದ್ರದ ವೀಣೆ, ಆಮೇಲೆ ಗಂಡು ದನಿಯ ಆಲಾಪನೆ. ಕೊಳಲು ಇವತ್ತಿಗೂ ಪೂರ್ತಿ ದಕ್ಕಿಲ್ಲ. ತಾರಸ್ಥಾಯಿಗೆ ಹೋದರೆ ನೆನಪಿನಿಂದ ತುಂಬಿಕೊಳ್ಳುತ್ತಾಳೆ. ಸಿಕ್ಕಷ್ಟೂ ತನಗೆ ಯಾರೋ ಕೈಯಾರೆ ಬಡಿಸಿದ್ದು ಎನ್ನಿಸುತ್ತದೆ.

ಮೊನ್ನೆ ತಪಾಸಣೆಗೆ ಹೋದಾಗ ಪಕ್ಕದಲ್ಲಿ ಒಬ್ಬರು ಮುದುಕರು ಹೊಸ ಮೆಷಿನ್ನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಚರ್ಚಿನಲ್ಲಿ ನಲವತ್ತು ವರ್ಷ ಹಾಡಿದವರಂತೆ. ಈಗ ಅದೇ ಗಾಯನ ಗದ್ದಲವಾಗಿದೆ, ಭಾನುವಾರ ಮನೆಯಲ್ಲೇ ಉಳಿಯುತ್ತೇನೆ ಎಂದರು. ಕೋಕಿಲಾ ತನ್ನ ಫೋನಿನಲ್ಲಿದ್ದ ಚೆಲ್ಲೊವನ್ನು ಅವರಿಗೆ ಕಳಿಸಿದಳು.

"ಮೊದಲು ಇದೊಂದೇ. ದೊಡ್ಡ ಸ್ಪೀಕರಿನಲ್ಲಿ, ಸ್ವಲ್ಪ ಸ್ವಲ್ಪ. ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು.

"ಅಸಾಂಟೆ ಸಾನಾ" ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿ ಮುದುಕರು ಅವಳ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಮೆಷಿನ್ ಮತ್ತೆ ಕಿವಿಗೇರಿತು.

ಕಾರಿನಲ್ಲಿ ಕಾಯುತ್ತಿದ್ದ ನಾರಾಯಣ, "ಡಾಕ್ಟ್ರು ಏನಂದ್ರು?" ಎಂದ.

"ಎಲ್ಲ ಸರಿಯಾಗಿದೆಯಂತೆ. ರೀ, ದಾರೀಲಿ ತರಕಾರಿ ತಗೊಳೋಣ. ನಾಳೆ ಸಿಲ್ವಿಯಾನ ಊಟಕ್ಕೆ ಕರೀತೀನಿ. ಬಿಸಿಬೇಳೆಬಾತ್ ಅಂದ್ರೆ ಅವಳಿಗೆ ಪ್ರಾಣ."