ಡ್ವೇನ್ ಆಡದ ಶನಿವಾರ

೧೯೮೪ರ ಅಕ್ಟೋಬರ್. ಆ ಗುರುವಾರ ಸಂಜೆ ಕೊಲ್ಲಿಯ ಕಡೆಯಿಂದ ಏರಿ ಬಂದ ಮಂಜು ಕಾಲೇಜಿನ ಮೈದಾನವನ್ನು ಅರ್ಧ ನುಂಗಿತ್ತು. ಬೆಂಚಿನ ಮೇಲಿದ್ದ ಡಾಕ್ಟರ್ ಕುಬೇರಪ್ಪನವರಿಗೆ ಆಟಗಾರರ ಕಾಲುಗಳೇ ಕಾಣುತ್ತಿರಲಿಲ್ಲ. ಹೆಲ್ಮೆಟ್ಟುಗಳು ಮಾತ್ರ ಹಾಲಿನ ಮೇಲೆ ತೇಲುವಂತೆ ಅತ್ತಿತ್ತ ಸರಿಯುತ್ತಿದ್ದವು. ಹುಬ್ಬಳ್ಳಿಯಿಂದ ಅಮೆರಿಕಕ್ಕೆ ಬಂದು ನೆವಾರ್ಕಿನಲ್ಲಿ ಕ್ಲಿನಿಕ್ಕು ಇಟ್ಟಿದ್ದ ಅವರು ಮೂರು ವರ್ಷದಿಂದ ಈ ಫುಟ್‌ಬಾಲ್ ತಂಡದ ಡಾಕ್ಟರು. ಚೆಂಡನ್ನು ಕೈಯಲ್ಲೇ ಎಸೆದು, ಮೈಗೆ ಮೈ ಗುದ್ದಿ ಆಡುವ ಈ ಆಟ ಅವರ ತಲೆಗೆ ಪೂರ್ತಿ ಹತ್ತಿರಲಿಲ್ಲ. ಹುಡುಗರು ಮಾತ್ರ ಅವರನ್ನು ಹಚ್ಚಿಕೊಂಡಿದ್ದರು.

ಶನಿವಾರ ತಮ್ಮದೇ ಮೈದಾನದಲ್ಲಿ ಪಂದ್ಯ. ಆರು ವರ್ಷದಿಂದ ಮಣಿಯದ ಎದುರಾಳಿ. ಈ ಸಲ ಗೆಲುವು ನಮ್ಮದೇ ಎಂದು ಎಲ್ಲರೂ ನಂಬಿದ್ದು ಚೆಂಡು ಎಸೆಯುವ ಹುಡುಗ ಡ್ವೇನ್‌ನ ತೋಳನ್ನು ನೆಚ್ಚಿಕೊಂಡು.

ಮಂಜಿನೊಳಗೆ ಎರಡು ಹೆಲ್ಮೆಟ್ಟು ಢಿಕ್ಕಿ ಹೊಡೆದ ಸದ್ದಾಯಿತು. ಡ್ವೇನ್ ಬಿದ್ದ, ಎದ್ದ, ನಗುನಗುತ್ತಲೇ ತಪ್ಪು ದಿಕ್ಕಿಗೆ ನಡೆಯತೊಡಗಿದ. ಕುಬೇರಪ್ಪ ಓಡಿಹೋಗಿ ಹಿಡಿದರು.

"ಇವತ್ತು ಯಾವ ವಾರ?"

"ಶನಿವಾರ. ಗೆದ್ವಾ, ಡಾಕ್?"

ಹತ್ತು ನಿಮಿಷದಲ್ಲಿ ಅವನು ಸರಿಹೋದ. "ತಲೆ ಜುಮ್ಮಂದಿದೆ ಅಷ್ಟೆ," ಎಂದರು ಕೋಚು. "ಎಲ್ಲರಿಗೂ ಆಗುತ್ತೆ."

"ಶನಿವಾರ ಅವನು ಆಡೋ ಹಾಗಿಲ್ಲ," ಎಂದರು ಕುಬೇರಪ್ಪ. ಕೋಚು ಸೀಟಿ ಊದುತ್ತ ಉಳಿದ ಹುಡುಗರ ಕಡೆ ಹೊರಟುಹೋದರು.

ಊಟಕ್ಕೆ ಕೂತಾಗ ಹೆಂಡತಿ ನೀಲಾಬಾಯಿಗೆ ಎಲ್ಲ ಹೇಳಿದರು. "ಸಣ್ಣಾವಿದ್ದಾಗ ಹುತೂತು ಆಡಾಕ ಹೋಗಿ ತಲಿ ಬಡಕೊಂಡಿದ್ದೆ. ಮನೀಗೆ ನಡಕೋತ ಬಂದೇನಂತ, ಉಂಡೇನಂತ, ಅವ್ವನ ಕೂಡ ಮಾತಾಡೇನಂತ. ನನಗ ಒಂದೂ ನೆನಪಿಲ್ಲ. ಆ ದಿನ ನಾ ಎಲ್ಲಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ."

"ಮತ್ತ ಇದರಾಗ ಯೋಚನಿ ಮಾಡೂದೇನೈತ್ರಿ? ಆ ಹುಡುಗನ ಅವ್ವ ಅಲ್ಲಿದ್ರ ಏನಂತಿದ್ಳು, ಅದನ್ನ ಅನ್ರಿ."

ಶುಕ್ರವಾರ ಡ್ವೇನ್ ಕ್ಲಿನಿಕ್ಕಿಗೇ ಬಂದ. "ಒಂದೇ ಒಂದು ಪಂದ್ಯ, ಡಾಕ್. ನಾನು ಚೆನ್ನಾಗಿದೀನಿ."

"ಹಾಗೇ ಅನ್ನಿಸುತ್ತಪ್ಪ. ಅದೇ ನನಗೆ ಭಯ."

ಅವನು ಬಾಗಿಲು ಬಡಿದು ಹೋದ.

ಶನಿವಾರ ಮಧ್ಯಾಹ್ನವೂ ಮಂಜು ಕರಗಲಿಲ್ಲ. ಜನರ ಕೂಗು ಎಲ್ಲೋ ನೀರಿನಾಚೆಯಿಂದ ಬಂದಂತೆ ಕೇಳುತ್ತಿತ್ತು. ಡ್ವೇನ್ ಬೆಂಚಿನ ಆ ತುದಿಯಲ್ಲಿ ಮುಖ ತಿರುಗಿಸಿ ಕೂತಿದ್ದ. ವಿರಾಮದಲ್ಲಿ ಬ್ಯಾಂಡಿನವರು ತುತ್ತೂರಿ ಊದುತ್ತ ಬಿಳುಪಿನೊಳಗಿಂದ ಸಾಲುಸಾಲಾಗಿ ಹೊರಬಂದು, ಮತ್ತೆ ಅದರೊಳಗೇ ಕರಗಿಹೋದರು. ಆಟ ಮತ್ತೆ ಶುರುವಾದಾಗ ಕುಬೇರಪ್ಪನವರ ತೋಳನ್ನು ಯಾರೋ ಎಳೆದಂತಾಯಿತು. ಡ್ವೇನ್ ಪಕ್ಕಕ್ಕೆ ಬಂದು ಕೂತಿದ್ದ.

"ಡಾಕ್, ಪಂದ್ಯ ಎಷ್ಟೊತ್ತಿಗೆ ಶುರು?"

ಕುಬೇರಪ್ಪ ಅವನ ಕೈ ಹಿಡಿದುಕೊಂಡರು. "ಅರ್ಧ ಮುಗೀತು, ಮಗಾ."

"ಹೌದಾ? ಬ್ಯಾಂಡು ಬಂದಿತ್ತಾ?"

"ಬಂದಿತ್ತು. ಚೆನ್ನಾಗಿ ಬಾರಿಸಿದರು." ಅವನ ಕೈ ಬಿಡದೆಯೇ ಆಂಬುಲೆನ್ಸಿಗೆ ಸನ್ನೆ ಮಾಡಿದರು.

ತಲೆಯೊಳಗೆ ತೆಳುವಾಗಿ ರಕ್ತ ಸೋರಿತ್ತು. ಇನ್ನೊಂದು ಏಟು ಬಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದರು ಆಸ್ಪತ್ರೆಯವರು. ಈಗ ಮಲಗಿ ಸುಧಾರಿಸಿಕೊಂಡರೆ ಸಾಕು.

ಸಂಜೆ ಕೋಚು ಬಂದರು. "ಸೋತೆವು," ಎಂದು ಕುರ್ಚಿ ಎಳೆದುಕೊಂಡು ಕೂತರು. ನಿದ್ದೆಯಲ್ಲಿದ್ದ ಡ್ವೇನ್‌ನನ್ನು ಬಹಳ ಹೊತ್ತು ನೋಡಿದರು.

"ನಾನೂ ಆಡುತ್ತಿದ್ದೆ, ಡಾಕ್. ಕಾಲೇಜಿನ ಕೊನೇ ವರ್ಷ ಪೂರ್ತಿ ನನಗೆ ನೆನಪಿಲ್ಲ. ಯಾರಿಗೂ ಹೇಳಿರಲಿಲ್ಲ."

ಹಾಸಿಗೆಯ ಆಚೆ ಕೂತಿದ್ದ ಕುಬೇರಪ್ಪ ತಮ್ಮ ಕುರ್ಚಿಯನ್ನು ಅವರ ಪಕ್ಕಕ್ಕೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಡ್ವೇನ್ ಕಣ್ಣು ಬಿಟ್ಟ. ಇಬ್ಬರನ್ನೂ ಗುರುತು ಹಿಡಿದು, ತಿನ್ನಲು ಏನಾದರೂ ಇದೆಯಾ ಎಂದು ಕೇಳಿದ.